ಪಡಸಾಲೆಯ ಮಾತು: ಅಡ್ಡದಾರಿ ಹಿಡಿದೆವು



ಎಪ್ಪತ್ತರ ಆಸುಪಾಸಿನ ಗಂಡ ಹೆಂಡಿರು ಅಡ್ಡದಾರಿ ಹಿಡಿದರೆಂದರೆ ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುತ್ತೀರೆಂದು ಬಲ್ಲೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಕಳೆದ ಡಿಸೆಂಬರಿನ ಒಂದು ರಾತ್ರಿ ಊಟಕ್ಕೆ ಕುಳಿತಾಗ ಇವರು, "ಈ ಸಲ ನಾವು ಅಡ್ಡದಾರಿ ಹಿಡಿಯೋರು" ಎಂದು ಘೋಷಿಸಿದರು. ಮಗನ ಗಂಟಲಿಗೆ ಅನ್ನ ಸಿಕ್ಕಿತು. ಸೊಸೆ ಮರಾಠಿ ಮನೆಯ ಹುಡುಗಿ; ಕನ್ನಡ ಚೆನ್ನಾಗಿ ತಿಳಿಯುತ್ತದೆ, ಆದರೆ ನುಡಿಗಟ್ಟಿನ ಕಳ್ಳಬಾಗಿಲುಗಳು ಇನ್ನೂ ಪರಿಚಯವಾಗಿಲ್ಲ. ಅವಳು ಗಂಭೀರವಾಗಿ, "ಹಾಗಾದರೆ ಸ್ಟೆಪ್ನಿಯ ಗಾಳಿ ನೋಡಿಸಿಕೊಳ್ಳಿ ಬಾಬಾ" ಎಂದಳು. ಆ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ನಾನು ಹೇಳಹೊರಟಿರುವುದು ಹೆದ್ದಾರಿ ಬಿಟ್ಟು ಒಳರಸ್ತೆಗಳಲ್ಲಿ ಕಾರು ಓಡಿಸಿಕೊಂಡು ಹೋದ ಒಂದು ವಾರದ ಕಥೆ. ಆದರೆ ಅದಕ್ಕೆ ಮೊದಲು ಹೆದ್ದಾರಿಯ ಕಥೆಯನ್ನು ಸ್ವಲ್ಪ ಹೇಳಲೇಬೇಕು.

ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿಲೋಮೀಟರು. ನಾವು ಮೊದಲ ಕಾರು ಕೊಂಡಂದಿನಿಂದ ವರ್ಷಕ್ಕೆ ಎರಡು ಸಲವಾದರೂ ಈ ದಾರಿಯಲ್ಲಿ ಹೋಗಿದ್ದೇವೆ. ಆಗ ಅದು ಎರಡು ಗಾಡಿ ಎದುರುಬದುರಾದರೆ ಉಸಿರು ಬಿಗಿಹಿಡಿಯಬೇಕಾದ ನಾಲ್ಕನೆಯ ನಂಬರಿನ ರಸ್ತೆ. ಆಮೇಲೆ ಸುವರ್ಣ ಚತುರ್ಭುಜ ಎಂದರು, ನಾಲ್ಕು ಪಥ ಮಾಡಿದರು. 2010ರಲ್ಲಿ ನಂಬರು ಬದಲಾಗಿ ಅದು 48 ಆಯಿತು. ಇಷ್ಟು ವರ್ಷ ಓಡಾಡಿಯೂ ಆ ದಾರಿಯಲ್ಲಿ ನಾನು ಕಂಡದ್ದೇನು ಎಂದು ಯಾರಾದರೂ ಕೇಳಿದರೆ, ಮುಂದಿನ ಲಾರಿಯ ಹಿಂಬದಿ ಎಂದು ಹೇಳಬೇಕಾದೀತು.

ಕಾರಣವಿಷ್ಟೆ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಅತ್ತೆಯವರು ಕಾಯುತ್ತಿದ್ದರು. ಮೊದಲು ದಾರಿಯ ಎಸ್.ಟಿ.ಡಿ. ಬೂತಿನಿಂದ ನಾವು ಫೋನು ಮಾಡಬೇಕಿತ್ತು. ಮೊಬೈಲು ಬಂದ ಮೇಲೆ ಅವರೇ ಮಾಡುತ್ತಿದ್ದರು. "ಎಲ್ಲಿ ಅದೀರಿ?" ಇದೊಂದೇ ಪ್ರಶ್ನೆ. ಅವರ ಅಡಿಗೆಯ ಗಡಿಯಾರ ನಡೆಯುತ್ತಿದ್ದುದು ನಮ್ಮ ಉತ್ತರದ ಮೇಲೆ. ನಿಪ್ಪಾಣಿ ಎಂದರೆ ಎಣಗಾಯಿಗೆ ಪುಟ್ಟ ಬದನೆಕಾಯಿ ಆರಿಸಲು ಕೂಡುವುದು; ಬೆಳಗಾವಿ ಎಂದರೆ ಬೇಳೆ ಇಡುವುದು; ಕಿತ್ತೂರು ಎಂದರೆ ಹಂಚು ಒಲೆಯ ಮೇಲೆ. ಕಿತ್ತೂರಿನಿಂದ ಧಾರವಾಡಕ್ಕೆ ಮೂವತ್ತು ಕಿಲೋಮೀಟರು, ಅರ್ಧ ಗಂಟೆ. ಕಾರು ಅಂಗಳಕ್ಕೆ ಬರುವುದಕ್ಕೂ ಮೊದಲ ಜೋಳದ ರೊಟ್ಟಿ ಉಬ್ಬುವುದಕ್ಕೂ ಸರಿಯಾಗಬೇಕು. "ಕಿತ್ತೂರ ದಾಟಿದ್ರೇನು?" ಎಂಬ ಮಾತು ಕಿವಿಗೆ ಬಿದ್ದೊಡನೆ ಇವರ ಕಾಲು ತಾನಾಗಿ ಆಕ್ಸಿಲರೇಟರನ್ನು ಒತ್ತುತ್ತಿತ್ತು. ರೊಟ್ಟಿ ಆರಿದರೆ ಅದಕ್ಕೆ ನಾವೇ ಹೊಣೆಯಲ್ಲವೇ! ಹೀಗಾಗಿ ರಾಣಿ ಚೆನ್ನಮ್ಮನ ಕಿತ್ತೂರು ನಮಗೆ ಇಷ್ಟು ವರ್ಷವೂ ಒಂದು ಕೋಟೆಯಾಗಿರಲಿಲ್ಲ, ಇತಿಹಾಸವಾಗಿರಲಿಲ್ಲ. ಅದು ಹಂಚು ಕಾಯುವ ಹೊತ್ತಾಗಿತ್ತು, ಅಷ್ಟೆ.

2021ರಲ್ಲಿ ಅತ್ತೆಯವರು ತೀರಿಕೊಂಡರು. ಎರಡು ವರ್ಷಗಳ ಮೇಲೆ ಮನೆಯನ್ನು ಮಾರಿದೆವು. ಅಣ್ಣತಮ್ಮಂದಿರು ನಾಲ್ಕು ಊರಿನಲ್ಲಿ, ಮನೆ ಐದನೆಯ ಊರಿನಲ್ಲಿ. ಬೀಗ ಹಾಕಿದ ಮನೆಗೆ ಗೆದ್ದಲೇ ಯಜಮಾನ. ನಿಮ್ಮಲ್ಲಿ ಅನೇಕರ ಮನೆಯ ಕಥೆಯೂ ಇದೇ ಇದ್ದೀತು, ಹೆಚ್ಚು ವಿವರಿಸುವುದಿಲ್ಲ. ಆಮೇಲೆ ಒಂದು ದೀಪಾವಳಿ ಬಂತು, ಒಂದು ಬೇಸಿಗೆಯ ರಜೆ ಬಂತು. ಕಾರು ಇತ್ತು, ರಸ್ತೆ ಇತ್ತು, ಹೋಗುವುದೆಲ್ಲಿಗೆ? ಇವರು ಭಾನುವಾರಗಳಲ್ಲಿ ಕಾರು ತೊಳೆದು, ಒರೆಸಿ, ಮತ್ತೆ ಹೊದಿಕೆ ಹೊದಿಸಿ ಬರುತ್ತಿದ್ದರು. ನೋಡಲಾರದೆ ನಾನೇ ಒಂದು ದಿನ, "ಎಲ್ಲಿಯಾದರೂ ಹೋಗೋಣ ನಡೀರಿ. ಯಾರೂ ಕಾಯೋದಿಲ್ಲ ಅಂದ ಮೇಲೆ ಅವಸರವೂ ಇಲ್ಲ" ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ಆಡಬಾರದಿತ್ತೇನೋ ಅನ್ನಿಸಿತು. ಆದರೆ ಇವರು ಸುಮ್ಮನೆ ಒಳಗೆ ಹೋಗಿ ನಕ್ಷೆ ತಂದರು. ಮೊಬೈಲಿನ ನಕ್ಷೆಯಲ್ಲ, ಮಡಿಕೆ ಮಡಿಕೆಯಾಗಿ ಬಿಚ್ಚುವ ಕಾಗದದ ನಕ್ಷೆ. ಅದರಲ್ಲಿ ದಪ್ಪ ಗೆರೆಗಳನ್ನು ಬಿಟ್ಟು ಕೂದಲಿನಂಥ ಗೆರೆಗಳ ಮೇಲೆ ಪೆನ್ಸಿಲು ಎಳೆದರು: ಖಾನಾಪುರ, ನಂದಗಡ, ಹಲಸಿ, ಅಳ್ನಾವರ, ಹಳಿಯಾಳ, ಯಲ್ಲಾಪುರ, ಶಿರಸಿ, ಬನವಾಸಿ. ಧಾರವಾಡವನ್ನು ಎಡಕ್ಕೆ ಬಿಟ್ಟು ಕಾಡಿನ ಅಂಚಿನಲ್ಲಿ ಹಾದುಹೋಗುವ ದಾರಿ.

ಹನ್ನೊಂದು ವರ್ಷದ ಮೊಮ್ಮಗ ನಾನೂ ಬರುತ್ತೇನೆಂದು ಹಟ ಹಿಡಿದ. ಇವನು ನನ್ನೊಡನೆ ಕನ್ನಡ, ತಾಯಿಯೊಡನೆ ಮರಾಠಿ, ಗೆಳೆಯರೊಡನೆ ಇಂಗ್ಲಿಷು. ಮೂರನ್ನೂ ಗಿಣಿಯಂತೆ ಮಾತಾಡುತ್ತಾನೆ. ಆದರೆ ಕನ್ನಡ ಅಕ್ಷರ ಬಾರದು. ನಮ್ಮ ಸಂಘದ ಭಾನುವಾರದ ಪಾಠಕ್ಕೆ ಮೂರು ವಾರ ಕಳಿಸಿದ್ದೆ. ನಾಲ್ಕನೆಯ ವಾರ ಕ್ರಿಕೆಟ್ಟು ಬಂತು. ತಪ್ಪು ಅವನದಲ್ಲ, ನನ್ನದು ಎಂದು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲನೆಯ ದಿನ ಹೆದ್ದಾರಿಯಲ್ಲಿಯೇ ಬೆಳಗಾವಿ ಮುಟ್ಟಿ, ಕುಂದಾ ತಿಂದು ಮಲಗಿದೆವು. ಎರಡನೆಯ ದಿನ ಬೆಳಗ್ಗೆ ಖಾನಾಪುರದ ಕಡೆಗೆ ತಿರುಗಿದೊಡನೆ ಮೊಬೈಲಿನೊಳಗಿನ ಹೆಂಗಸಿಗೆ ಸಿಟ್ಟು ಬಂತು. ಯಾರೋ ಹಳೆಯ ಅಭ್ಯಾಸದಿಂದ ಧಾರವಾಡವನ್ನು ಒತ್ತಿಟ್ಟಿದ್ದರು. "ಹಿಂದಿರುಗಿ, ಹಿಂದಿರುಗಿ" ಎಂದು ಹತ್ತು ನಿಮಿಷ ಪೀಡಿಸಿದಳು. ಕೊನೆಗೆ ಇವರು ಅವಳ ಬಾಯಿ ಮುಚ್ಚಿಸಿದರು. ಒಳರಸ್ತೆಗೆ ಹೋಗುವವರಿಗೆ ನನ್ನ ಮೊದಲ ಸಲಹೆ ಇದೇ. ಕಾಡು ಹತ್ತಿರವಾದಂತೆ ಮೊಬೈಲಿನ ಸಂಪರ್ಕ ಹೇಗೂ ತಪ್ಪುತ್ತದೆ. ಮೊದಲೇ ನಕ್ಷೆಯನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ, ಅಥವಾ ಕಾಗದದ್ದು ಒಯ್ಯಿರಿ. ಎರಡಕ್ಕಿಂತಲೂ ಒಳ್ಳೆಯದು ಗಾಡಿ ನಿಲ್ಲಿಸಿ ಜನರನ್ನು ಕೇಳುವುದು. ಕೇಳುವಾಗ "ಹಲಸಿಗೆ ಇದೇ ದಾರಿಯೇ?" ಎಂದು ಕೇಳಬೇಡಿ, ಮರ್ಯಾದೆಗೆ ಎಲ್ಲರೂ ಹೌದೆನ್ನುತ್ತಾರೆ. "ಹಲಸಿಗೆ ಯಾವ ದಾರಿ?" ಎಂದು ಕೇಳಿ.

ಖಾನಾಪುರದಲ್ಲಿ ಮಲಪ್ರಭೆಯ ಮೇಲೆ ಹಾದೆವು. ಈ ನದಿ ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಇಲ್ಲಿ ಇನ್ನೂ ಚಿಕ್ಕ ಹುಡುಗಿ. ಮುಂದೆ ಸವದತ್ತಿಯ ಹತ್ತಿರ ಅಣೆಕಟ್ಟಿನ ನೀರಾಗಿ, ಅಲ್ಲಿಂದ ಧಾರವಾಡದ ನಲ್ಲಿಗಳಿಗೆ ಬರುತ್ತದೆ. ಮಾಳಮಡ್ಡಿಯ ಮನೆಯ ಹಂಡೆಗೆ ತುಂಬುತ್ತಿದ್ದ ನೀರು ಇದೇ ಎಂದು ಇವರು ಮೊಮ್ಮಗನಿಗೆ ಹೇಳಿದರು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಷ್ಟೇನಾ?" ಎಂದ.

ಖಾನಾಪುರದ ಸುತ್ತಿನ ಹಳ್ಳಿಗಳಲ್ಲಿ ಕನ್ನಡ ಮರಾಠಿ ಎರಡೂ ನಡೆಯುತ್ತವೆ. ಕೆಲವು ಅಂಗಡಿಗಳ ಫಲಕಗಳಲ್ಲಿ ಒಂದೇ ಹೆಸರು ಎರಡು ಲಿಪಿಗಳಲ್ಲಿ ಮೇಲೆ ಕೆಳಗೆ ಬರೆದಿತ್ತು. ಮೊಮ್ಮಗ ದೇವನಾಗರಿಯನ್ನು ಓದಿದ; ಅದರ ಕೆಳಗಿನ ಕನ್ನಡವನ್ನು ನೋಡಿದ; ಮತ್ತೆ ಮೇಲೆ ನೋಡಿದ. "ಅಜ್ಜಿ, ಇದು ‘ಕ’ ಅಲ್ಲಾ?" ಎಂದ. ಹೌದೆಂದೆ. "ಹಂಗಾದರ ಇದು ‘ರ’." ಅಲ್ಲಿಗೆ ಪಾಠ ಪ್ರಾರಂಭವಾಯಿತು. ಗಡಿಯ ಜಗಳ ದೊಡ್ಡವರದು, ಅದನ್ನು ಅವರೇ ನೋಡಿಕೊಳ್ಳಲಿ. ನಮ್ಮ ಹುಡುಗನಿಗಂತೂ ಆ ಫಲಕಗಳು ಪಾಟಿಯಾದವು.

ನಂದಗಡದಲ್ಲಿ ಇಳಿದೆವು. ಕಿತ್ತೂರಿನ ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಈ ಊರಿನಲ್ಲಿ. ಅವನ ಸಮಾಧಿಯ ಮೇಲೆ ಬೆಳೆದ ಆಲದ ಮರವನ್ನು ಜನ ದೇವರ ಮರದಂತೆ ಕಾಣುತ್ತಾರೆ. ಜನವರಿ 26 ಎಂದೊಡನೆ ಮೊಮ್ಮಗ, "ಗಣರಾಜ್ಯದ ದಿನ!" ಎಂದ. ಹೌದಲ್ಲ! ಸಣ್ಣಂದಿನಿಂದ ರಾಯಣ್ಣನ ಲಾವಣಿ ಕೇಳಿ ಬೆಳೆದ ನನಗೆ ಆ ಎರಡು ದಿನಗಳು ಒಂದೇ ಎಂಬುದು ಎಂದೂ ಹೊಳೆದಿರಲಿಲ್ಲ.

ಅಲ್ಲಿಂದ ರಸ್ತೆ ಕಿರಿದಾಯಿತು. ಎರಡೂ ಬದಿಗೆ ಭತ್ತದ ಗದ್ದೆ, ಕೊಯ್ಲು ಮುಗಿದು ಬಣವೆ ಒಟ್ಟಿದ್ದರು. ಮೈಲಿಗಲ್ಲುಗಳ ಬಣ್ಣವೂ ಬದಲಾಯಿತು. ನಿಮಗೂ ಗೊತ್ತಿರಲಿ: ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು, ಕಿತ್ತಳೆ ಬಣ್ಣದ್ದು ಹಳ್ಳಿಯ ರಸ್ತೆಯದು. ಹಳದಿ ಕಂಡರೆ ಸೊನ್ನೆ, ಹಸಿರಿಗೆ ಒಂದು, ಕಿತ್ತಳೆಗೆ ಐದು ಅಂಕವೆಂದು ಅಜ್ಜ ಮೊಮ್ಮಗ ಆಟ ಕಟ್ಟಿದರು. ಒಂದು ಕಲ್ಲಿನ ಮುಂದೆ ಕಾರು ನಿಧಾನವಾದಾಗ ಹುಡುಗ ತುಟಿ ಅಲುಗಿಸುತ್ತ, "ಹ... ಲ... ಸಿ" ಎಂದ. ಇನ್ನೊಮ್ಮೆ, "ಹಲಸಿ!" ಎಂದು ಕೂಗಿದ. ಮೂರೇ ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ. ಹೊಸದಾಗಿ ಓದುವವರಿಗೆಂದೇ ಇಟ್ಟ ಹೆಸರಿನಂತಿದೆ. ಇವರು ಗಾಡಿ ನಿಲ್ಲಿಸಿ ಕಲ್ಲಿನ ಪಕ್ಕ ಅವನನ್ನು ನಿಲ್ಲಿಸಿ ಫೋಟೋ ತೆಗೆದರು. ಮೂವತ್ತು ವರ್ಷ ಈ ನಾಡಿನೊಳಗೆ ಓಡಾಡಿ ದಾರಿಯ ನಡುವೆ ಕಾರಣವಿಲ್ಲದೆ ಇವರು ಗಾಡಿ ನಿಲ್ಲಿಸಿದ್ದು ಅದೇ ಮೊದಲು.

ಈಗ ಹಲಸಿ ಒಂದು ಹಳ್ಳಿ. ಆದರೆ ಕದಂಬರ ತಾಮ್ರಶಾಸನಗಳಲ್ಲಿ ಇದರ ಹೆಸರು ಪಲಾಶಿಕಾ; ಬನವಾಸಿಯ ನಂತರ ಅವರ ಎರಡನೆಯ ರಾಜಧಾನಿ. ಭೂವರಾಹ ನರಸಿಂಹ ದೇವಸ್ಥಾನದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ಭೂದೇವಿಯನ್ನು ಎತ್ತಿಕೊಂಡ ವರಾಹ. ಇದು ಹನ್ನೆರಡನೆಯ ಶತಮಾನದ್ದು, ಗೋವೆಯ ಕದಂಬರ ಕಾಲ. ನಾವು ಹೋದಾಗ ನಮ್ಮನ್ನು ಬಿಟ್ಟರೆ ಒಂದು ಆಡು, ಅದರ ಎರಡು ಮರಿ. ಮೊಮ್ಮಗ ನಡುವೆ ನಿಂತು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನೋಡಿ, "ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೋತ ಸಾವಿರ ವರ್ಷ ಕೂತಾರೇನು?" ಎಂದು ಕೇಳಿದ. ಸುಮಾರು ಅಷ್ಟೇ ಎಂದೆ. ಅಲ್ಲಿ ಕುಳಿತಾಗ ನನಗೆ ಒಂದು ವಿಚಾರ ಬಂತು. ನಾವು ಹೊರಟದ್ದು ಹಲಸಿಯಿಂದ ಬನವಾಸಿಗೆ, ಅಂದರೆ ಒಂದು ರಾಜಧಾನಿಯಿಂದ ಇನ್ನೊಂದು ರಾಜಧಾನಿಗೆ. ಇಂದು ನಕ್ಷೆಯಲ್ಲಿ ಕೂದಲಿನಷ್ಟು ಸಣ್ಣಗಿರುವ ಈ ದಿಕ್ಕಿನಲ್ಲಿಯೇ ಒಂದು ಕಾಲಕ್ಕೆ ದೊರೆಗಳ ಓಲೆ, ಆನೆ, ಕುದುರೆ ಎಲ್ಲ ನಡೆದಿರಬೇಕು. ಅಡ್ಡದಾರಿ ಯಾವುದು, ಹೆದ್ದಾರಿ ಯಾವುದು ಎಂಬುದು ಆಯಾ ಕಾಲದವರು ಎಲ್ಲಿಗೆ ಅವಸರದಿಂದ ಹೋಗುತ್ತಿದ್ದರು ಎಂಬುದರ ಮೇಲೆ ಹೋಗುತ್ತದೆಯೇ ಹೊರತು ರಸ್ತೆಯ ಗುಣದ ಮೇಲಲ್ಲ.

ಅಳ್ನಾವರದಲ್ಲಿ ಊಟ ಮಾಡಿ, ಹಳಿಯಾಳ ದಾಟಿ, ಭಗವತಿಯ ಮೇಲೆ ಯಲ್ಲಾಪುರದ ಕಡೆಗೆ ಹೋಗುವ ರಸ್ತೆ ಹಿಡಿದೆವು. ಇಲ್ಲಿಂದ ಕಾಡು. ತೇಗದ ಎಲೆ ಒಣಗಿ ರಸ್ತೆಯ ಮೇಲೆ ಹಪ್ಪಳದಂತೆ ಬಿದ್ದಿತ್ತು. ಚಕ್ರದ ಕೆಳಗೆ ಸಿಕ್ಕರೆ ಹಾಗೆಯೇ ಸದ್ದು. ಹುಡುಗ ಹಿಂದಿನ ಸೀಟಿನಲ್ಲಿ ಮೈಲಿಗಲ್ಲಿನ ಅಂಕೆಗಳಿಗೆ ಗಂಟು ಬಿದ್ದಿದ್ದ. ಕನ್ನಡದ ೨, ೩ ಮರಾಠಿಯ ಅಂಕೆಗಳ ಬಂಧುಗಳೇ ಆದ್ದರಿಂದ ತೊಂದರೆಯಾಗಲಿಲ್ಲ. ಆದರೆ ‘೧೦’ ಎಂಬುದನ್ನು ಅವನು "ಸೊನ್ನೆ ಸೊನ್ನೆ" ಎಂದು ಓದಿ, ಯಾವುದೋ ಊರು ಬಂದೇಬಿಟ್ಟಿತೆಂದು ಕಿಟಕಿಯಿಂದ ಹುಡುಕಿದ. ಊರಿಲ್ಲ, ಬರೀ ಮರ. ‘ಯಲ್ಲಾಪುರ’ ಎಂಬಲ್ಲಿ ‘ಲ್ಲಾ’ ಬಂದಾಗ, "ಈ ಅಕ್ಷರ ಕೆಳಗ ಯಾಕ ಜೋತಾಡ್ತದ ಅಜ್ಜಿ?" ಎಂದು ಕೇಳಿದ. ನಾಗರಿಯಲ್ಲಿ ಒತ್ತಕ್ಷರ ಪಕ್ಕದವನ ಹೆಗಲಿಗೆ ಒರಗುತ್ತದೆ, ನಮ್ಮಲ್ಲಿ ಜೋಕಾಲಿಯಾಡುತ್ತದೆ ಎಂದೆ. ಅವನಿಗೆ ಅದು ಒಪ್ಪಿಗೆಯಾಯಿತು.

ಇಷ್ಟರಲ್ಲಿ ಕಾರು ಒಂದು ಬದಿಗೆ ಎಳೆಯತೊಡಗಿತು. ಇಳಿದು ನೋಡಿದರೆ ಹಿಂದಿನ ಎಡಗಾಲಿ ನೆಲಕ್ಕೆ ಕೂತಿತ್ತು. ಇವರು ಧೈರ್ಯದಿಂದಲೇ ಜಾಕು ಏರಿಸಿದರು, ಬೋಲ್ಟು ಬಿಚ್ಚಿದರು, ಸ್ಟೆಪ್ನಿಯನ್ನು ಇಳಿಸಿ ನೆಲಕ್ಕೆ ಕುಟ್ಟಿದರು. ಅದು ತಲೆದಿಂಬಿನಂತೆ ಮೆತ್ತಗೆ ಕುಸಿಯಿತು. ಸೊಸೆಯ ಮಾತು ಇಬ್ಬರಿಗೂ ಏಕಕಾಲಕ್ಕೆ ನೆನಪಾಯಿತು. ನಾನು ಏನೂ ಅನ್ನಲಿಲ್ಲ. ನಾನು ಏನೂ ಅನ್ನದೆ ಇರುವುದು ಇವರಿಗೆ ಎಲ್ಲಕ್ಕಿಂತ ಕಷ್ಟದ ಶಿಕ್ಷೆ.

ಮೊಬೈಲಿನಲ್ಲಿ ಒಂದು ಗೆರೆಯೂ ಇಲ್ಲ. ಅರ್ಧ ಗಂಟೆಯ ಮೇಲೆ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ತರುಣ ಬಂದ. ಗುಂಗುರು ಕೂದಲು, ಕಪ್ಪು ಮೈಬಣ್ಣ, ಸಿದ್ದಿ ಜನದವನು. ಇವರ ಪೂರ್ವಿಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಹಳಿಯಾಳ, ಯಲ್ಲಾಪುರಗಳ ಕಾಡಿನಲ್ಲಿ ನೆಲೆಸಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ತಲೆತಲಾಂತರದಿಂದ ಇಲ್ಲಿಯೇ ಬಾಳಿದವರನ್ನು ಇಂದಿಗೂ ನೀವು ಯಾವ ದೇಶದವರೆಂದು ಕೇಳುವ ಪ್ರವಾಸಿಗಳಿದ್ದಾರೆ. ನಾನೂ ಕೇಳುತ್ತಿದ್ದೆನೋ ಏನೋ. ಅವನೇ ಮೊದಲು ಕೇಳಿದ.

"ಯಾವೂರ್ರಿ ನಿಮ್ಮದು?"

ಎಷ್ಟು ಸರಳವಾದ ಪ್ರಶ್ನೆ! ಪುಣೆಯಲ್ಲಿ ಯಾರು ಕೇಳಿದರೂ ಐವತ್ತು ವರ್ಷಗಳಿಂದ ಇವರು ಥಟ್ಟನೆ ಧಾರವಾಡ ಎನ್ನುತ್ತ ಬಂದವರು. ಈಗ ಕೈಯಲ್ಲಿ ಪಾನಾ ಹಿಡಿದು ಸುಮ್ಮನೆ ನಿಂತರು. ನನ್ನ ಬಾಯಿಗೂ ಉತ್ತರ ಬರಲಿಲ್ಲ. ಊರು ಎಂದರೆ ಮನೆ ಇರುವುದೋ, ಮನೆ ಇದ್ದದ್ದೋ? ಕಲ್ಲಿನ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದ ಮೊಮ್ಮಗ ತಲೆಯೆತ್ತದೆ, "ಧಾರವಾಡ. ಮಾಳಮಡ್ಡಿ" ಎಂದ.

ಅವನು ಹುಟ್ಟಿದ್ದು ಪುಣೆಯಲ್ಲಿ. ಮಾಳಮಡ್ಡಿಯಲ್ಲಿ ಅವನು ಎಲ್ಲ ಸೇರಿಸಿ ನಾಲ್ಕು ತಿಂಗಳೂ ಇದ್ದವನಲ್ಲ. ಮನೆ ಮಾರಿದ್ದು ಅವನಿಗೆ ಗೊತ್ತು. ಇವರು ತಿರುಗಿ ನಿಂತು, ಆಗಲೇ ಬಿಚ್ಚಿದ್ದ ಬೋಲ್ಟುಗಳನ್ನು ಎಣಿಸುತ್ತ ಬಹಳ ಹೊತ್ತು ಹಾಗೆಯೇ ಇದ್ದರು.

ಆ ತರುಣ ಸ್ಟೆಪ್ನಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ, ಗಾಳಿ ತುಂಬಿಸಿಕೊಂಡು ಬಂದು, ತಾನೇ ಹಾಕಿಕೊಟ್ಟ. ದುಡ್ಡು ಕೊಡಹೋದರೆ ಗಾಳಿ ತುಂಬಿದವನಿಗೆ ಕೊಟ್ಟಷ್ಟನ್ನು ಮಾತ್ರ ತೆಗೆದುಕೊಂಡ. ಅವನ ತಾಯಿ ಕೌದಿ ಹೊಲಿಯುತ್ತಾಳೆಂದು ಮಾತಿನಲ್ಲಿ ತಿಳಿಯಿತು. ಅವರ ಮನೆಗೆ ಹೋಗಿ ಒಂದು ಕೌದಿ ಕೊಂಡೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಅಂಚಿನಿಂದ ನಡುವಿನವರೆಗೆ ಓಡುಹೊಲಿಗೆ ಹಾಕಿದ್ದು. ಈಗ ಪುಣೆಯಲ್ಲಿ ಅದನ್ನು ಹೊದೆಯುವವನು ಮೊಮ್ಮಗ. ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ.

ಯಲ್ಲಾಪುರದಲ್ಲಿ ಇಳಿದುಕೊಂಡೆವು. ಮಾಗೋಡಿನ ಜಲಪಾತ ನೋಡಿದೆವು. ಬೇಡ್ತಿ ನದಿ ಎರಡು ಹಂತಗಳಲ್ಲಿ ಸುಮಾರು 200 ಮೀಟರು ಕೆಳಗೆ ಹಾರುತ್ತದೆ. ಈ ನದಿಗೆ ವಿದ್ಯುತ್ತಿಗಾಗಿ ಕಟ್ಟಬೇಕೆಂದಿದ್ದ ಅಣೆಕಟ್ಟನ್ನು 1980ರ ದಶಕದಲ್ಲಿ ಕೈಬಿಡುವಂತೆ ಮಾಡಿದವರು ಇಲ್ಲಿಯ ರೈತರೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಕಡೆಯ ಸಾಲ್ಕಣಿಯವರು ಕಡಿಯಲು ಬಂದವರ ಎದುರಿಗೆ ಮರಗಳನ್ನು ಅಪ್ಪಿಕೊಂಡು ನಿಂತರು; ಅದೇ ಅಪ್ಪಿಕೊ ಚಳವಳಿಯಾಯಿತು. ನಾವು ಎರಡು ದಿನ ನೆರಳಿನಲ್ಲಿ ಓಡಾಡಿದ ರಸ್ತೆಗೆ ನೆರಳು ಉಳಿದದ್ದು ಇಂಥವರಿಂದ.

ಶಿರಸಿಗೆ ಹೋಗುವ ದಾರಿಯಲ್ಲಿ ಸಹಸ್ರಲಿಂಗ. ಶಾಲ್ಮಲಾ ನದಿಯ ಪಾತ್ರದ ಬಂಡೆಗಳಲ್ಲೆಲ್ಲ ಲಿಂಗ, ನಂದಿ ಕೆತ್ತಿದ್ದಾರೆ. ಸೋದೆಯ ಅರಸರ ಕಾಲದ್ದು. ಮಳೆಗಾಲದಲ್ಲಿ ಹೋದರೆ ಬರೀ ನೀರು ಕಾಣುತ್ತದೆ, ನೀರು ಇಳಿದ ಮೇಲೆ ಹೋಗಬೇಕು. ಶಿರಸಿಯ ಹತ್ತಿರ ಒಂದು ತೋಟದ ಮನೆಯಲ್ಲಿ ಎರಡು ರಾತ್ರಿ ಉಳಿದೆವು. ಆ ಮನೆಯ ಊಟವನ್ನು ಕುರಿತು ಬೇರೆಯೇ ಒಂದು ಲೇಖನ ಬರೆಯಬೇಕು: ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ. ತೊಡದೇವು ಮಾಡುವುದನ್ನು ನೋಡಬೇಕು ನೀವು! ಗಡಿಗೆಯನ್ನು ಬೋರಲು ಹಾಕಿ ಕೆಳಗೆ ಉರಿ ಮಾಡುತ್ತಾರೆ. ಅಕ್ಕಿಹಿಟ್ಟು, ಕಬ್ಬಿನ ಹಾಲಿನ ತೆಳು ಹದದಲ್ಲಿ ಬಟ್ಟೆ ಅದ್ದಿ ಗಡಿಗೆಯ ಬೆನ್ನಿನ ಮೇಲೆ ಒಮ್ಮೆ ಎಳೆಯುತ್ತಾರೆ. ಕಾಗದದಂತೆ ಎದ್ದು ಬರುತ್ತದೆ. ನನಗೆ ಎಳೆಯಲು ಕೊಟ್ಟರು. ನನ್ನದು ಕಾಗದವಾಗಲಿಲ್ಲ, ಉತ್ತಪ್ಪವಾಯಿತು.

ಬನವಾಸಿ ಶಿರಸಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ‘ಬನವಾಸಿ’ ಎಂಬ ಫಲಕವನ್ನು ಹುಡುಗ ದೂರದಿಂದಲೇ, ಗಾಡಿ ನಿಧಾನ ಮಾಡದೆಯೇ ಓದಿದ. ಮಧುಕೇಶ್ವರನ ಗುಡಿ, ಕಲ್ಲಿನ ಮಂಚ, ಊರನ್ನು ಬಳಸಿಕೊಂಡು ಹರಿಯುವ ವರದೆ. ಇದನ್ನೆಲ್ಲ ನೀವು ಬಲ್ಲಿರಿ. ನಾನು ಹೇಳಬೇಕೆಂದಿರುವುದು ಒಂದೇ. ಹೊಳೆಯ ದಂಡೆಯಲ್ಲಿ ಕುಳಿತು ಮೊಮ್ಮಗನಿಗೆ ಪಂಪನ ಕಥೆ ಹೇಳುತ್ತಿದ್ದೆ. ಬನವಾಸಿಯನ್ನು ನೆನೆದು ಹಂಬಲಿಸಿದ ಆ ಕವಿ ತನ್ನ ಭಾರತವನ್ನು ಮುಗಿಸಿದ್ದು 941ರ ಸುಮಾರಿಗೆ. ಬರೆದದ್ದು ಎಲ್ಲಿ? ಅರಿಕೇಸರಿಯ ಆಸ್ಥಾನವಿದ್ದದ್ದು ವೇಮುಲವಾಡದಲ್ಲಿ; ಅದು ಈಗ ತೆಲಂಗಾಣದಲ್ಲಿದೆ. ಅವನ ತಮ್ಮ ಜಿನವಲ್ಲಭ ಬರೆಸಿದ ಕುರಿಕ್ಯಾಲದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ನಮ್ಮ ಹೈದರಾಬಾದಿನ ವಾಚಕರು ಅದನ್ನು ಒಂದು ದಿನದಲ್ಲಿ ನೋಡಿ ಬರಬಹುದು.

"ಅಂದರ ಅವರೂ ನಮ್ಮಂಗ ಹೊರಗ ಇದ್ದವರಾ?" ಎಂದ ಹುಡುಗ.

"ಹೂಂ."

"ಅವರ ಮನೀನೂ ಮಾರಿದ್ರಾ?"

ಇದಕ್ಕೆ ನನಗೆ ಉತ್ತರ ತಿಳಿಯಲಿಲ್ಲ. ಇವರು ಗಟ್ಟಿಯಾಗಿ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕದ್ದು.

ಅಡ್ಡದಾರಿ ಹಿಡಿಯಬೇಕೆನ್ನುವವರಿಗೆ ಒಂದೆರಡು ಮಾತು. ದಿನಕ್ಕೆ ನೂರು, ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಕತ್ತಲಾಗುವುದರೊಳಗೆ ಊರು ಸೇರಿಬಿಡಿ. ಕಾಡಿನ ರಸ್ತೆ ರಾತ್ರಿ ಮೃಗಗಳದು. ಪೆಟ್ರೋಲನ್ನು ತಾಲೂಕಿನ ಊರುಗಳಲ್ಲಿಯೇ ತುಂಬಿಸಿಕೊಳ್ಳಿ. ಕಿರಿದಾದ ತಿರುವಿನಲ್ಲಿ ಹಾರ್ನು ಹಾಕಲು ನಾಚಬೇಡಿ. ಎದುರಿಗೆ ಸಾರಿಗೆ ಬಸ್ಸು ಬಂದರೆ ಮರ್ಯಾದೆಯಾಗಿ ಬದಿಗೆ ಸರಿದು ನಿಲ್ಲಿ, ಬಸ್ಸು ಯಾರಿಗೂ ಸರಿಯುವುದಿಲ್ಲ. ಮಳೆಗಾಲದಲ್ಲಿ ಹೋದರೆ ಉಂಬಳಕ್ಕೆ ಉಪ್ಪು ಒಯ್ಯಿರಿ. ಸ್ಟೆಪ್ನಿಯ ವಿಷಯ ಮತ್ತೆ ಹೇಳುವುದಿಲ್ಲ.

ಮರಳುವಾಗ ಮುಂಡಗೋಡ, ತಡಸದ ಮೇಲೆ ಹುಬ್ಬಳ್ಳಿಗೆ ಬಂದು ಹಳೆಯ ದಾರಿ ಸೇರಿದೆವು. ಧಾರವಾಡದಲ್ಲಿ ಪೇಢೆ ಕೊಂಡೆವು. ಮಾಳಮಡ್ಡಿಯ ಕಡೆಗೆ ತಿರುಗಬೇಕೇ ಎಂದು ನಾನು ಕೇಳಲಿಲ್ಲ, ಇವರೂ ಎತ್ತಲಿಲ್ಲ. ತಿರುಗಲಿಲ್ಲ. ಆದರೆ ಕಿತ್ತೂರಿನ ಫಲಕ ಕಂಡಾಗ ಇವರು ತಾವಾಗಿಯೇ ಹೆದ್ದಾರಿಯಿಂದ ಇಳಿಸಿದರು. ಕೋಟೆ ಊರಿನ ಅಂಚಿನಲ್ಲಿಯೇ ಇದೆ. ಮುರಿದ ಅರಮನೆಯ ಗೋಡೆಗಳ ನಡುವೆ ಅಡ್ಡಾಡಿದೆವು. 1824ರ ಅಕ್ಟೋಬರಿನಲ್ಲಿ ಚೆನ್ನಮ್ಮನ ಕಡೆಯವರು ಥ್ಯಾಕರೆಯನ್ನು ಕೊಂದದ್ದು ಇಲ್ಲಿ. ಝಾನ್ಸಿಯ ರಾಣಿಗಿಂತ ಮೂವತ್ತಮೂರು ವರ್ಷ ಮೊದಲು. ಹುಡುಗನ ಶಾಲೆಯ ಪುಸ್ತಕದಲ್ಲಿ ಝಾನ್ಸಿಯಿದೆ, ಕಿತ್ತೂರಿಲ್ಲ. ಅವನು ಹೆಸರನ್ನು ತನ್ನ ವಹಿಯಲ್ಲಿ ಬರೆದುಕೊಂಡ, ‘ತ್ತೂ’ವಿನ ಒತ್ತನ್ನು ಎರಡು ಸಲ ಅಳಿಸಿ ಬರೆದು.

ಕಾರು ಹತ್ತುವಾಗ ಫೋನು ಬಾರಿಸಿತು. ಪುಣೆಯಿಂದ ಸೊಸೆ. "ಎಲ್ಲಿದ್ದೀರಿ?" ಎಂದಳು. ಮೊಮ್ಮಗನೇ ಫೋನು ಕಸಿದುಕೊಂಡು ಕಿತ್ತೂರು ಎಂದ. "ಸರಿ, ಸಾತಾರಾ ದಾಟಿದ ಮೇಲೆ ಹೇಳು, ಕುಕ್ಕರ್ ಇಡುತ್ತೇನೆ" ಎಂದಳಂತೆ. ಇವರು ಒಂದು ಗಳಿಗೆ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕುಳಿತು, ಆಮೇಲೆ ಗಾಡಿ ಬಿಟ್ಟರು.

ಮುಂದಿನ ರಜೆಗೆ ಪೆನ್ಸಿಲಿನ ಗೆರೆ ಆಗಲೇ ಬಿದ್ದಿದೆ. ನಿಪ್ಪಾಣಿಯಿಂದ ಚಿಕ್ಕೋಡಿ, ಅಲ್ಲಿಂದ ಗೋಕಾಕು. ಘಟಪ್ರಭೆಯ ಧಬಧಬೆಯನ್ನೂ ತೂಗುಸೇತುವೆಯನ್ನೂ ಮಳೆ ನಿಂತ ಕೂಡಲೆ ನೋಡಬೇಕಂತೆ. ಈ ಸಲ ಸೊಸೆಯೂ ಬರುತ್ತಾಳೆ. ಸ್ಟೆಪ್ನಿ ತಾನೇ ನೋಡುತ್ತೇನೆಂದಿದ್ದಾಳೆ.